ಒಡಲಿಗೆ ಸೆರಗು ಜೋಡಿಸಿದ ಪುಟ

ಇಳಕಲ್ ಸೀರೆಯ ಒಡಲು, ಸೆರಗುಗಳ ಎಳೆಗಳನ್ನು ಬೇರೆ ಬೇರೆ ಸಿದ್ಧಮಾಡಿ, ಕೊಂಡಿ ಹಾಕಿ ಜೋಡಿಸುತ್ತಾರೆ. ಬಾಗಲಕೋಟೆಯಲ್ಲಿ ಕಾಲೇಜು ಮುಗಿಸಿ ಬಂದವನು ನಾನು, ಊರಿನ ಸೈಬರ್ ಕೆಫೆಯಲ್ಲಿ ಕೂತು ಕೊಳ್ಳುವವರು ಬಣ್ಣ ಆರಿಸಲೆಂದು ಅದಕ್ಕೊಂದು ವೆಬ್ ಪುಟ ಮಾಡಿದೆ. ಪುಟದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಒಡಲಿನ ಬಣ್ಣ, ಇನ್ನೊಂದು ಓರೆಗೆರೆ ಹಾಕಿ ಸೆರಗಿನ ಬಣ್ಣ ಬರೆದರೆ ಸಾಕು. ‘ಇದಕ್ಕೆ ಇದನ್ನು ಜೋಡಿಸಿದ್ದೇವೆ, ತಯಾರಿದೆ’ ಎಂದು ಪುಟ ಹೇಳುತ್ತಿತ್ತು. ಬರೆದದ್ದು ಬಣ್ಣವೇ ಎಂದು ನೋಡುವ ಬುದ್ಧಿಯನ್ನು ನಾನು ಅದಕ್ಕೆ ಕೊಟ್ಟಿರಲಿಲ್ಲ.

ಯಾರೋ ಪುಂಡರು ಬಣ್ಣದ ಜಾಗದಲ್ಲಿ ಓಣಿಯ ನೇಕಾರರೊಬ್ಬರ ಮಗಳ ಹೆಸರಿಗೆ ಪವರ್‌ಲೂಮಿನವರ ಮಗನ ಹೆಸರು ಸೇರಿಸಿ, ಪ್ರಿಂಟ್ ತೆಗೆದು ಚಹಾದಂಗಡಿ ಗೋಡೆಗೆ ಅಂಟಿಸಿದರು. ಆ ಹುಡುಗಿಗೆ ಹುನಗುಂದದ ಗಂಡು ಗೊತ್ತಾಗಿತ್ತು, ಮರುದಿನವೇ ನಿಶ್ಚಯ. ಬೀಗರ ಕಣ್ಣಿಗೆ ಬಿದ್ದರೆ ಮುಗಿಯಿತು.

ಹುಡುಗಿಯ ಅಪ್ಪ ಬರಿಗಾಲಲ್ಲೇ ಕೆಫೆಗೆ ಬಂದರು. ಕೈಯಲ್ಲಿ ನೂಲು ಕತ್ತರಿಸುವ ಕಬ್ಬಿಣದ ಕತ್ತರಿ.

“ಯಾರ್ನ ಕೇಳಿ ಜೋಡಿಸೀರಿ?”

“ನಾ ಜೋಡಿಸಿಲ್ರಿ ಕಾಕಾ. ಏನ್ ಬರೀತಾರೋ ಅದನ್ನ ಹೇಳ್ತೈತಿ, ನೋಡ್ರಿ.” ನನ್ನ ಹೆಸರಿನ ಮುಂದೆ ಎಮ್ಮೆ ಎಂದು ಬರೆದು ತೋರಿಸಿದೆ. ತಯಾರಿದೆ ಎಂದಿತು.

ಅವರು ಓದಿದರು. “ನಿಮ್ಮ ಮನಿಯಾಗ ಗೊತ್ತೈತೇನ್ರಿ?”

ನಾನು ಬಾಯಿ ತೆರೆಯುವುದರೊಳಗೆ, “ಅದಿರ್ಲಿ, ನನ್ನ ಮಗಳ್ನ ಬಿಚ್ಚ್ರಿ” ಎಂದರು.

“ಬಿಚ್ಚೂದು ಬರ್ದಿಲ್ರಿ.”

“ಜೋಡಿಸೂದು ಕಲ್ತು ಬಿಚ್ಚೂದು ಕಲೀಲಿಲ್ಲ? ಸರೀರಿ, ನಾನ ಬಿಚ್ಚ್ತೇನಿ.” ಬಗ್ಗಿ, ಕಂಪ್ಯೂಟರಿನ ಕರೆಂಟ್ ವೈರಿಗೆ ಕತ್ತರಿಯ ಬಾಯಿ ಹಾಕಿದರು.

ಇವತ್ತಿಗೂ ಕಣ್ಣು ಮುಚ್ಚಿದರೆ ಆ ಬಾಯಿ ಕಾಣುತ್ತದೆ.

“ಕಾಕಾ, ಕರೆಂಟ್ ಐತಿ! ಅಳಿಯನ ಹೆಸರು ಹೇಳ್ರಿ, ಲಗೂ!”

ಹೇಳಿದರು. ಅವಸರದಲ್ಲಿ ಬರೆದೆ, ಒಂದು ಅಕ್ಷರ ತಪ್ಪಿತು. ಜಗತ್ತಿನಲ್ಲಿ ಇಲ್ಲದವನೊಬ್ಬನಿಗೆ ಹುಡುಗಿಯನ್ನು ಜೋಡಿಸಿ ಪುಟ ತಯಾರಿದೆ ಎಂದಿತು.

“ಇಂವ ಯಾಂವ?” ಕತ್ತರಿ ಬಿಗಿಯಾಯಿತು.

ಮತ್ತೆ ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕತ್ತರಿ ಸಡಿಲಿತು.

“ಈಗ ಖರೆ ಆತು. ಎರಡು ಪ್ರಿಂಟ್ ಕೊಡ್ರಿ, ಚಹಾದಂಗಡಿ ಗ್ವಾಡಿಗೊಂದು, ಬೀಗರಿಗೊಂದು.”

ಮದುವೆ ನಡೆಯಿತು. ಪಂಕ್ತಿಯಲ್ಲಿ ಕೂತ ನನ್ನನ್ನು ಕಾಕಾ ಬೀಗರಿಗೆ ಪರಿಚಯಿಸಿದರು: “ಜೋಡಿಸಿದವ್ರು ಇವ್ರ ನೋಡ್ರಿ.” ಬೀಗರು ನನಗೆ ಕೈಮುಗಿದರು. ನಾನು ತಲೆಯ ಮೇಲಿನ ದೀಪದ ವೈರನ್ನೂ ಕತ್ತರಿ ಸಿಕ್ಕಿಸಿದ್ದ ಕಾಕಾನ ಸೊಂಟವನ್ನೂ ನೋಡುತ್ತ, ಬಡಿಸಿದ ಹುಗ್ಗಿಯನ್ನು ಎಲೆಯಲ್ಲೇ ಬಿಟ್ಟೆ.