ಇಮಾಮ್ ಸಾಬರ ಕೋಲಿನ ಸದ್ದು

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ನೀರು ತುಂಬಿದ ಸೋರೆಬುರುಡೆಯನ್ನು ಮನೆಯಲ್ಲೇ ಬಿಟ್ಟು, ಕನ್ನಡಿ ಬಾಚಣಿಗೆ ಗಂಟು ಕಟ್ಟಿಕೊಂಡು ಗುಡ್ಡ ಹತ್ತಿದ ಶೂರ ನಾನು. ದೆವ್ವ, ಮಾಯೆ ಎಂದವರನ್ನು ಅಣಕಿಸುವುದೇ ಆಗ ನನ್ನ ಕಸುಬು.

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೆಟ್ಟು ವಾರವಾಗಿತ್ತು. ಗೆಳೆಯ ಈರಣ್ಣ ಬಸವಾಪಟ್ಟಣಕ್ಕೆ, ತನ್ನ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ, ಹೋಗಲೇಬೇಕಿತ್ತು. ಚನ್ನಗಿರಿಯಿಂದ ಗುಡ್ಡದ ಕಾಲುದಾರಿ ಹಿಡಿಯೋಣವೆಂದೆವು. ಆ ದಾರಿಗೆ ಇಬ್ಬರೂ ಹೊಸಬರು.

ಬಳೆಯ ಮಲಾರ ಹೊತ್ತು ಊರೂರು ನಡೆಯುವ ಇಮಾಮ್ ಸಾಬರದೊಂದು ಪದ್ಧತಿ: ಗುಡ್ಡಕ್ಕೆ ಹೊರಟ ಹೊಸಬರ ಗಂಟನ್ನು ಕಂಬಳಿಯ ಮೇಲೆ ಸುರಿಸಿ ನೋಡುವುದು. ಹಿಂದಿನ ದಿನ ನನ್ನದನ್ನೂ ಸುರಿಸಿದರು.

“ಹೊಸ ಮೆಟ್ಟು ಬ್ಯಾಡ, ಹಳೇವು ಹಾಕ್ಕೋ. ಕೋಲು ಹಿಡಿ. ಬುರುಡೆ ತುಂಬ ನೀರು, ಹುರಿಗಡ್ಲೆ, ಬೆಲ್ಲ, ಹಗ್ಗ, ಬೆಂಕಿಪೊಟ್ಟಣ. ಕನ್ನಡಿ ಯಾಕೋ ಮಗಾ, ಗುಡ್ಡಕ್ಕೆ ಹೆಣ್ಣು ನೋಡಾಕೆ ಹೊಂಟೀಯೇನು?”

ಸಾಬರಿಗೆ ಒಂದು ಕಾಲು ಕುಂಟು, ಕೋಲಿಗೆ ಕಬ್ಬಿಣದ ಮೊನೆ. ಟಕ್, ಟಕ್, ಸರ್ರ್. ಅವರು ಆಚೆ ಹೋದೊಡನೆ ಆ ಸದ್ದನ್ನು ನಾಲಿಗೆಯಲ್ಲೇ ಮಾಡಿ ಮನೆಮಂದಿಯನ್ನು ನಗಿಸಿದೆ. ಬೆಳಿಗ್ಗೆ ಹೊಸ ಮೆಟ್ಟನ್ನೇ ಮೆಟ್ಟಿಕೊಂಡು ಹೊರಟೆ. ನನ್ನನ್ನು ನಂಬಿ ಈರಣ್ಣನೂ ಬರಿಗೈಲಿ ಬಂದ.

ಮಧ್ಯಾಹ್ನಕ್ಕೆ ದಾರಿ ತಪ್ಪಿತ್ತು. ನನ್ನ ಹಿಮ್ಮಡಿ ಸುಲಿದು ರಕ್ತ. ಈರಣ್ಣ ಬಂಡೆಯ ನೆರಳಲ್ಲಿ ಕುಸಿದ. ಬೆವರೂ ನಿಂತಿತ್ತು, ಕರೆದರೆ ಓಗೊಡಲಿಲ್ಲ. ನೀರಿಲ್ಲದೆ ಹಿಂದಿರುಗುವುದಿಲ್ಲ ಎಂದು ಮೆಟ್ಟು ಬಿಸಾಡಿ ನಡೆದೆ.

ಆಗ ಕೇಳಿತು: ಟಕ್, ಟಕ್, ಸರ್ರ್.

“ಚಾಚಾ” ಎಂದು ಕೂಗಲು ಹೋದರೆ ದನಿಯೇ ಇಲ್ಲ; ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು, ನಡೆದರೆ ಹತ್ತು ಮಾರು ಮುಂದೆ ಮತ್ತೆ ಶುರು. ಮುಳ್ಳುಕಂಟಿ ದಾಟಿಸಿ ಬಂಡೆಗಳ ನಡುವೆ ಒಂದು ದೊಣೆಯ ಬಳಿ ನಿಂತೇಹೋಯಿತು. ಕಲ್ಲುಕುಳಿಯ ತುಂಬ ತಣ್ಣನೆಯ ನೀರು. ಸುತ್ತ ಯಾರೂ ಇಲ್ಲ. ಅಂಗಿ ನೆನೆಸಿ ಓಡಿಬಂದು ಈರಣ್ಣನ ಬಾಯಿಗೆ ಹಿಂಡಿದೆ. ಮೂರನೆಯ ಸಲಕ್ಕೆ ಕಣ್ಣುಬಿಟ್ಟು, “ತೊಟ್ಟಿಲಿಗೆ ಹೊತ್ತಾತೇನೋ?” ಎಂದ.

ಹಿಂದಿನ ಸಂಜೆಯೇ ಎತ್ತಿನಗಾಡಿ ಹತ್ತಿ ಹೋಗಿದ್ದ ಸಾಬರು ಅಂದು ದೂರದ ಹೊನ್ನಾಳಿಯಲ್ಲಿದ್ದರು. ಅಲ್ಲಿ ಅವರ ಕೈಯಲ್ಲೇ ಬಳೆ ತೊಡಿಸಿಕೊಂಡ ನಮ್ಮ ಅತ್ತೆ ಸಾಕ್ಷಿ. ಕೋಲೂ ಅವರ ಪಕ್ಕದಲ್ಲೇ ಇತ್ತಂತೆ. ಆ ಸದ್ದು ಏನೆಂದು ಇಂದಿಗೂ ನನಗೆ ತಿಳಿಯದು. ವಾರದ ಮೇಲೆ ಸಾಬರನ್ನೇ ಅಡ್ಡಗಟ್ಟಿ, ಗುಡ್ಡದಲ್ಲಿ ನಿಮ್ಮ ಕೋಲು ಹೇಗೆ ಸದ್ದು ಮಾಡಿತು, ಹೇಳಲೇಬೇಕು ಎಂದು ಹಟ ಹಿಡಿದೆ. ಅವರು ನನ್ನ ಹಿಮ್ಮಡಿಯ ಬಟ್ಟೆಪಟ್ಟಿ ನೋಡುತ್ತ ಅಂದರು:

“ಊರ್ ಮಂದಿನೆಲ್ಲ ನೀನು ಅಣಕಿಸ್ತೀಯ. ಗುಡ್ಡ ಒಂದ್ಸಲ ನನ್ನ ಅಣಕಿಸಿದ್ರೆ ನಿನಗ್ಯಾಕೋ ಹೊಟ್ಟೆಕಿಚ್ಚು?”