ಗಾದಿಯ ಪಕ್ಕದ ಸ್ಟೂಲು

ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ಕೆಟ್ಟಾಗ ಹೋಗಿ ಸರಿಮಾಡುವುದು ನನ್ನ ಹೊಟ್ಟೆಪಾಡು. ಮನೆ ಬಾಗಲಕೋಟೆಯ ನವನಗರದಲ್ಲಿ. ತಿರುಗಾಟ ಬದಾಮಿ, ಕೆರೂರ, ಹುನಗುಂದ, ಇಳಕಲ್ ಕಡೆಗೆಲ್ಲ. ನನಗಿಂತ ಹಿರಿಯರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಾರೆ. ಮೂಗಿನ ತುದಿಯಲ್ಲೇ ಸಿಟ್ಟು ಈಕೆಗೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದೂ ಗೊತ್ತು. ಆಡಿಕೊಳ್ಳಲಿ. ‘ಏನೋ ಇಂಗ್ಲಿಷ್‌ನಾಗ ಬಂದಿತ್ರಿ, ಓದ್ಲಿಲ್ಲ, ಕ್ಯಾನ್ಸಲ್ ಒತ್ತಿಬಿಟ್ಟೆ’ ಎನ್ನುವವರ ಜೊತೆ ದಿನಬೆಳಗಾದರೆ ಏಗುವವರಿಗೆ ಸಿಟ್ಟು ಬರದೆ ಇನ್ನೇನು ಬಂದೀತು?

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಅನುಮತಿಯ ತಕರಾರಿನವು. ಪ್ರತಿ ಕಂಪ್ಯೂಟರಿಗೂ ಒಬ್ಬ ಯಜಮಾನ ಇರುತ್ತಾನೆ, ಅಡ್ಮಿನಿಸ್ಟ್ರೇಟರ್ ಎಂದು. ಉಳಿದವರು ಬಾಡಿಗೆಗೆ ಇದ್ದವರ ಹಾಗೆ. ಇರಬಹುದು, ಅಡುಗೆ ಮಾಡಿಕೊಳ್ಳಬಹುದು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಲೆಕ್ಕದ ಸಾಫ್ಟ್‌ವೇರ್ ಹೊಸದಾಗಿ ತನ್ನನ್ನು ತಾನು ತಿದ್ದಿಕೊಳ್ಳಲು ಹೊರಟಾಗ ಆ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ಕೊಡದಿದ್ದರೆ, ನಿಮಗೆ ಅನುಮತಿ ಇಲ್ಲ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಕೆರೂರಿನ ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಇದನ್ನು ಓದಿ ನನಗೆ ಫೋನ್ ಮಾಡಿದ್ದರು.

‘ಅಕ್ಕಾರ, ಈ ಅಡ್ಮಿನಿಸ್ಟ್ರೇಟರ್ ಸಾಹೇಬ್ರ ಆಫೀಸು ಎಲ್ಲೈತ್ರಿ? ಬಾಗಲಕೋಟಿಗೆ ಬರಬೇಕೇನು?’

‘ಎಲ್ಲೂ ಬರಬ್ಯಾಡ್ರಿ. ಕನ್ನಡಿ ನೋಡ್ಕೊಳ್ರಿ, ಸಾಹೇಬ್ರು ಸಿಗತಾರ’ ಎಂದಿದ್ದೆ. ಪಾಪ, ಅವರೇ ಅಡ್ಮಿನಿಸ್ಟ್ರೇಟರ್ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುತ್ತಲಿನವರಿಗೆಲ್ಲ ಚಹಾ ಕುಡಿಸಿದರಂತೆ.

ಇಳಕಲ್ಲಿನ ಸೀರೆ ಅಂಗಡಿಯ ತಕರಾರು ಮೊದಲಿಗೆ ಇದೇ ಜಾತಿಯದು ಎಂದುಕೊಂಡಿದ್ದೆ. ಫೋನ್ ಮಾಡಿದವಳು ಆ ಮನೆಯ ಕಿರಿಯ ಸೊಸೆ. ಅಂಗಡಿ ಕಟ್ಟಿದ ಅವಳ ಮಾವ, ಊರೆಲ್ಲ ಸಾವಕಾರ್ರು ಎನ್ನುವ ಹಿರಿಯರು, ಲಕ್ವಾ ಹೊಡೆದು ಮನೆ ಹಿಡಿದಿದ್ದರು. ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸೀರೆ ಎಂದರೆ ಅವನಿಗೆ ತಲೆನೋವು. ಹಾಗಾಗಿ ಅಂಗಡಿ ಇವಳ ಮೇಲೆ ಬಿದ್ದಿತ್ತು. ಬಿದ್ದಿತ್ತು ಎನ್ನುವುದು ನನ್ನ ಮಾತು, ಅವಳ ಮಾತಲ್ಲ. ಅವಳಿಗೆ ಆ ಅಂಗಡಿ ಎಂದರೆ ಜೀವ. ಗಿರಾಕಿ ಕೈಗೆ ಸೀರೆ ಕೊಟ್ಟು ಸೆರಗು ಎಲ್ಲಿ ಒಡಲಿಗೆ ಕೂಡಿದೆ ಎಂದು ಮುಟ್ಟಿ ತೋರಿಸುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು.

ಹೊಸ ಆವೃತ್ತಿ ಬಂದಾಗಿನಿಂದ ಸಾಫ್ಟ್‌ವೇರ್ ತೆರೆಯುತ್ತಿಲ್ಲ, ಬಿಲ್ಲುಗಳನ್ನು ಕೈಯಲ್ಲೇ ಬರೆಯುತ್ತಿದ್ದೇನೆ ಎಂದಳು. ನಾನು ಫೋನಿನಲ್ಲೇ ಹೇಳಿಕೊಟ್ಟೆ: ಅದರ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತು, ಅಡ್ಮಿನಿಸ್ಟ್ರೇಟರ್ ಆಗಿ ತೆರೆ ಎಂಬುದನ್ನು ಆರಿಸು, ಪಾಸ್‌ವರ್ಡ್ ಹಾಕು. ‘ಆಗವಲ್ದರಿ ಅಕ್ಕಾರ’ ಎಂದಳು. ಮತ್ತೆ ಹೇಳಿದೆ. ಮತ್ತೆ ಆಗವಲ್ದು. ಹೀಗೆ ಹಲವು ದಿನ ನಡೆಯಿತು. ಕೊನೆಗೊಂದು ಸೋಮವಾರ ಬೆಳಿಗ್ಗೆ ಅಳುವ ದನಿಯಲ್ಲಿ ಫೋನ್ ಬಂತು.

‘ಅಕ್ಕಾರ, ಇವತ್ತ ಬರ್ರಿ. ಹುನಗುಂದದಿಂದ ನಮ್ಮ ಭಾವಾರು ಮಧ್ಯಾಹ್ನ ಗಾಡಿ ತಗೊಂಡು ಬರಾಕತ್ತಾರ. ಕಂಪ್ಯೂಟರ್ ಒಯ್ತಾರಂತ. ಬಿಲ್ ಮಾಡಾಕ ಬರದಿದ್ದ ಮ್ಯಾಲ ಈ ಅಂಗಡಿ ಯಾಕ, ಎಲ್ಲಾ ಹುನಗುಂದದ ಅಂಗಡಿಯೊಳಗ ಕೂಡಿಸೂಣು, ಇದನ್ನ ಮೊಬೈಲ್‌ನವರಿಗೆ ಬಾಡಿಗಿ ಕೊಡೂಣು ಅಂದಾರ.’

ಭಾವ, ಅಂದರೆ ಸಾವಕಾರರ ದೊಡ್ಡ ಮಗ, ಕೆಟ್ಟವನೇನಲ್ಲ. ಹುನಗುಂದದಲ್ಲಿ ಅವನದೇ ಬಟ್ಟೆ ಅಂಗಡಿ ಇತ್ತು. ಅವನ ಲೆಕ್ಕ ಅವನಿಗೆ ಸರಿ. ಆದರೆ ಮಧ್ಯಾಹ್ನದೊಳಗೆ ಆ ಸಾಫ್ಟ್‌ವೇರ್ ತೆರೆಯದಿದ್ದರೆ ಈ ಹುಡುಗಿ ಮತ್ತೆ ಒಲೆಯ ಮುಂದೆ. ನಾನು ತಿಂಡಿಯ ತಟ್ಟೆ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಅಂಗಡಿಗೆ ಕಾಲಿಟ್ಟ ಕೂಡಲೇ ನನ್ನ ತಲೆ ಕೆಟ್ಟಿತು. ಒಳಗೆ ಗೋಡೆಗೆ ಹೊಂದಿಕೊಂಡು ಅಗಲವಾದ ಗಾದಿ. ಮೇಲೆ ಆಗಷ್ಟೇ ಒಗೆದು ಹಾಸಿದ ಬಿಳಿ ಬಟ್ಟೆ, ಒರಗಲು ಲೋಡು, ಮೇಲ್ಗಡೆ ಬಸವಣ್ಣನ ಫೋಟೋ. ಗಾದಿಯ ಮುಂದೆ ಗಿಡ್ಡ ಮೇಜು, ಅದರ ಮೇಲೆ ಕಂಪ್ಯೂಟರ್. ಗಾದಿಯ ಮೇಲೆ ಒಂದು ಸುಕ್ಕೂ ಇಲ್ಲ, ಒಬ್ಬರೂ ಇಲ್ಲ. ಈ ಹುಡುಗಿ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸೊಂಟ ಮುರಿದುಕೊಂಡು ಕೂತು, ಪರದೆಯನ್ನು ಅಡ್ಡ ತಿರುಗಿಸಿಕೊಂಡು, ಕೈ ಚಾಚಿ ಕೀಲಿಗಳನ್ನು ಒತ್ತುತ್ತಿದ್ದಳು.

‘ಅಲ್ಲ ತಂಗಿ, ಇಷ್ಟು ದೊಡ್ಡ ಗಾದಿ ಖಾಲಿ ಇಟ್ಟು ಇಲ್ಯಾಕ ಹಿಂಗ ಒದ್ದಾಡಾಕತ್ತಿ?’

ಅವಳು ನಕ್ಕು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನನಗೂ ಉತ್ತರ ಕೇಳುವ ಪುರುಸೊತ್ತು ಇರಲಿಲ್ಲ. ಕಂಪ್ಯೂಟರ್ ನೋಡಿದೆ. ಅದರಲ್ಲಿ ಎರಡು ಖಾತೆ ಇದ್ದವು. ಒಂದು ಸಾವಕಾರರ ಹೆಸರಿನದು, ಅದೇ ಅಡ್ಮಿನಿಸ್ಟ್ರೇಟರ್. ಇನ್ನೊಂದು ಸೊಸೆಯದು, ಬಾಡಿಗೆಯವಳದು. ಹೊಸ ಆವೃತ್ತಿ ಅರ್ಧ ಏರಿ ನಿಂತುಬಿಟ್ಟಿತ್ತು. ಪೂರ್ತಿಯಾಗಬೇಕಾದರೆ ಸಾವಕಾರರ ಪಾಸ್‌ವರ್ಡ್ ಬೇಕು.

‘ಮಾವಾರ ಪಾಸ್‌ವರ್ಡ್ ಏನು?’

‘ಗೊತ್ತಿಲ್ರಿ’ ಎಂದಳು, ಉಟ್ಟ ಸೀರೆಯ ಅಂಚಿನ ಗೋಮಿ ಚಿತ್ತಾರ ನೋಡುತ್ತ.

‘ಹಂಗಾದ್ರ ಬೀಗ ಮುರೀಬೇಕು. ಮುರಿಯೂದರಾಗ ಅಂಗಡಿ ಲೆಕ್ಕ ಪೂರಾ ಅಳಿಸಿ ಹೋದ್ರ ನನ್ನ ಮ್ಯಾಲ ಬರಬ್ಯಾಡ.’

‘ಬ್ಯಾಡ್ರಿ, ಬ್ಯಾಡ್ರಿ. ಗೊತ್ತೈತ್ರಿ ಅಕ್ಕಾರ. ಕಂಪ್ಯೂಟರ್ ತಂದಾಗ ನಾನ ಇಟ್ಟುಕೊಟ್ಟಿದ್ದೆ. ಮಾವಾರಿಗೆ ಇಂಗ್ಲಿಷ್ ಬರೂದಿಲ್ಲಲ್ರಿ.’

ನನಗೆ ಬಂದ ಸಿಟ್ಟು ಹೇಳತೀರದು. ‘ಯವ್ವಾ ನಮ್ಮವ್ವಾ! ಇಷ್ಟು ದಿನ ನನ್ನ ಗಂಟಲ ಹರಕೊಂಡಿದ್ದು ಯಾತಕ್ಕ? ಗೊತ್ತಿದ್ದೂ ಹಾಕಾಕ ಏನು ಧಾಡಿ ನಿನಗ?’

‘ಅದು ಅವರ ಜಾಗಾ ಅಲ್ಲೇನ್ರಿ’ ಎಂದಳು. ‘ಅವರು ಗಟ್ಟ್ಯಾಗಿದ್ದಾಗ ನಾವು ಯಾರಾದ್ರೂ ಗಾದಿ ಮ್ಯಾಲ ಕುಂತೀವೇನು? ಅವರ ಹೆಸರಿನ ಒಳಗ ಅವರಿಲ್ಲದಾಗ ನಾ ಹೊಕ್ಕೊಂಡು ಕುಂತ್ರ, ಇನ್ನ ನೀವು ಬರೂದಿಲ್ಲ ಅಂತ ನಾನ ಅವರಿಗೆ ಹೇಳಿದ್ಹಂಗ ಆಗೂದಿಲ್ಲೇನು?’

ಹಿರಿಯರು ಇರುವತನಕ ಅವರ ಗಾದಿಯ ಮೇಲೆ ಬೇರೆಯವರು ಕೂರಬಾರದು ಎಂಬುದು ನಮ್ಮ ಕಡೆ ಹಳೆಯ ಅಂಗಡಿಗಳಲ್ಲಿ ಎಲ್ಲರೂ ಪಾಲಿಸುವ ಮಾತು. ಆದರೆ ಆ ಮರ್ಯಾದೆಯನ್ನು ಕಂಪ್ಯೂಟರಿನ ಖಾತೆಗೂ ಕೊಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

‘ನಾ ಹಾಕ್ತೇನಿ, ನೀ ಆ ಕಡೆ ಮಾರಿ ಮಾಡು’ ಎಂದೆ.

‘ನೀವು ಹಾಕಿದ್ರೂ ನಾ ಹಾಕಿದ್ಹಂಗರಿ.’

‘ಹಂಗಾದ್ರ ಅವರನ್ನ ಕೇಳು, ಮುಗೀತು.’

ಅವಳು ಕಣ್ಣು ತುಂಬಿಕೊಂಡಳು. ಕೇಳಲು ಆಗದೇ ತಾನೇ ಇಷ್ಟು ದಿನ ಕಳೆದದ್ದು. ಸಾವಕಾರರು ಮೇಲೆದ್ದು ಓಡಾಡುತ್ತಿದ್ದರು, ಕೋಲು ಹಿಡಿದು. ಆದರೆ ಮಾತು ತೊದಲುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಗಿರಾಕಿಗಳ ಮುಂದೆ ಹೇಗೆ ಬರಲಿ ಎಂದು ಅಂಗಡಿಯ ಕಡೆ ತಲೆಹಾಕಿರಲೇ ಇಲ್ಲ. ಮನೆಯಲ್ಲೂ ಬಾಯಿ ಬಿಡುತ್ತಿರಲಿಲ್ಲವಂತೆ.

ಗಡಿಯಾರ ನೋಡಿದೆ. ಕಾಯುತ್ತ ಕೂತರೆ ಗಾಡಿ ಬಂದು ನಿಲ್ಲುತ್ತದೆ. ಮನೆ ಅಂಗಡಿಯ ಹಿಂದೆಯೇ ಇತ್ತು. ನಾನು ಚಪ್ಪಲಿ ಬಿಟ್ಟು ನೇರ ಒಳಗೆ ಹೋದೆ. ಅವಳು ‘ಬ್ಯಾಡ್ರಿ ಅಕ್ಕಾರ’ ಎನ್ನುತ್ತ ನನ್ನ ಹಿಂದೆಯೇ ಬಂದಳು.

ಸಾವಕಾರರು ಪಡಸಾಲೆಯಲ್ಲಿ ಮಂಚದ ಮೇಲಿದ್ದರು. ನಾನು ಶರಣು ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಸಾವಕಾರ್ರ, ನಿಮ್ಮ ಪಾಸ್‌ವರ್ಡ್ ಹಾಕಿದ್ರ ಅಂಗಡಿ ನಡೀತೈತಿ. ನಿಮ್ಮ ಸೊಸಿಗೆ ಗೊತ್ತೈತಿ, ಆದ್ರ ನೀವು ಹೂಂ ಅನ್ನೂತನಕ ಆಕಿ ಹಾಕೂದಿಲ್ಲ. ನಿಮ್ಮ ದೊಡ್ಡ ಮಗ ಕಂಪ್ಯೂಟರ್ ಒಯ್ಯಾಕ ಬರಾಕತ್ತಾನ.’

ಅವರು ನನ್ನನ್ನು ನೋಡಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತ ಸೊಸೆಯನ್ನೇ ನೋಡಿದರು. ನನಗೆ ಒಳಗೊಳಗೇ ಭಯ. ಏನೋ ಮಾಡಲು ಹೋಗಿ ಏನೋ ಮಾಡಿದೆನೇನೋ, ಈ ಬಾಯಿಗಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಅವರು ಗೂಟದ ಕಡೆ ಕೈ ತೋರಿಸಿದರು. ಅಲ್ಲಿ ಅವರ ಬಿಳಿ ಟೊಪ್ಪಿಗೆ ತೂಗುತ್ತಿತ್ತು. ಸೊಸೆ ತಂದುಕೊಟ್ಟಳು. ಅವರು ಹಣೆಗೆ ವಿಭೂತಿ ಹಚ್ಚಿಕೊಂಡು, ಟೊಪ್ಪಿಗೆ ಇಟ್ಟು, ಕೋಲು ಊರಿ ಎದ್ದರು.

ಅಂಗಡಿಗೆ ಬಂದು ಗಾದಿಯ ಮೇಲೆ ಕೂತಾಗ ಎದುರಿನ ಪಾತ್ರೆ ಅಂಗಡಿಯವನು ಎದ್ದು ನಿಂತು ಕೈಮುಗಿದ. ಸಾವಕಾರರು ತಲೆ ಆಡಿಸಿದರು. ನಾನು ಅವರ ಹೆಸರಿನ ಖಾತೆ ಆರಿಸಿ ಪಾಸ್‌ವರ್ಡ್ ಕೇಳುವ ಜಾಗಕ್ಕೆ ತಂದು ನಿಲ್ಲಿಸಿದೆ. ಅವರು ಸೊಸೆಯ ಕಡೆ ನೋಡಿ ಗದ್ದ ಎತ್ತಿದರು, ಹಾಕು ಎಂಬಂತೆ.

ಅವಳು ಮತ್ತೆ ಅದೇ ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ಒಂದು ಅಕ್ಷರ ತಪ್ಪಿತು. ಇನ್ನೊಮ್ಮೆ ಹಾಕಿದಳು, ಮತ್ತೂ ತಪ್ಪಿತು. ಸಾವಕಾರರು ಎಡಗೈಯಿಂದ ಗಾದಿಯನ್ನು ಪಟ್ಟನೆ ಬಡಿದರು. ಅವಳು ಬೆಚ್ಚಿ ಎದ್ದು ನಿಂತಳು. ಅವರು ಲೋಡನ್ನು ಹಿಂದಕ್ಕೆ ತಳ್ಳಿ, ಕಷ್ಟಪಟ್ಟು, ಕೋಲು ಊರಿ ಊರಿ ಗೋಡೆಯ ಕಡೆಗೆ ಸರಿದರು. ಗಾದಿಯ ಅರ್ಧ ಖಾಲಿಯಾಯಿತು. ಇನ್ನೊಮ್ಮೆ ಆ ಖಾಲಿ ಜಾಗವನ್ನು ಬಡಿದರು, ಈಗ ಮೆಲ್ಲಗೆ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಅಂಚಿನಲ್ಲಿ ಕೂತಳು. ಪಾಸ್‌ವರ್ಡ್ ಈ ಸಲ ಸರಿಯಾಗಿ ಬಿತ್ತು.

ಉಳಿದದ್ದು ನನ್ನ ದಿನದ ಕೆಲಸ. ಹೊಸ ಆವೃತ್ತಿ ಪೂರ್ತಿ ಮಾಡಿಸಿದೆ. ಲೆಕ್ಕದ ಫೋಲ್ಡರನ್ನು ಬೇರೆ ಡ್ರೈವಿಗೆ ಸರಿಸಿ, ಅದರಲ್ಲಿ ಬರೆಯುವ ಅನುಮತಿಯನ್ನು ಸೊಸೆಯ ಖಾತೆಗೂ ಕೊಟ್ಟೆ. ಅವಳನ್ನೂ ಅಡ್ಮಿನಿಸ್ಟ್ರೇಟರ್ ಮಾಡಲು ಹೊರಟಾಗ ಅವಳು ನನ್ನ ಕೈ ಹಿಡಿದಳು.

‘ಮಾವಾರ ಹೆಸರು ಅಳಿಸಬ್ಯಾಡ್ರಿ.’

‘ಯಾರು ಅಳಸ್ತಾರ? ಇಬ್ಬರೂ ಇರಬಹುದವ್ವಾ. ಕಂಪ್ಯೂಟರಿಗೆ ಏನೂ ಹೊಟ್ಟೆಕಿಚ್ಚಿಲ್ಲ.’

ಸಾವಕಾರರ ಒಂದು ಕಡೆಯ ತುಟಿ ಅರಳಿತು. ಬಹುಶಃ ನಗು.

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ದೊಡ್ಡ ಮಗ ಬಂದವನು ನೇರ ಮೇಜಿನ ಹಿಂದೆ ಬಗ್ಗಿ, ವೈರು ಕೀಳಲು ಕೈ ಹಾಕಿದ. ಗಾದಿಯ ಕಡೆ ನೋಡಿಯೇ ಇರಲಿಲ್ಲ. ಅಷ್ಟು ದಿನ ಅಲ್ಲಿ ನೋಡಲು ಯಾರೂ ಇರುತ್ತಿರಲಿಲ್ಲವಲ್ಲ. ಸೊಸೆ ಗಾದಿಯಿಂದ ಏಳಲು ಹೋದಳು. ಸಾವಕಾರರು ಅವಳ ಮುಂದೆ ಕೋಲು ಅಡ್ಡ ಹಿಡಿದರು.

‘ಆಕಿ...’ ಎಂದರು. ಗಂಟಲಿನ ನರ ಉಬ್ಬಿದವು. ಜೊಲ್ಲು ಗದ್ದಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ‘ಆಕಿ... ಕುಂತಾಳ.’

ಮಗ ತಲೆ ಎತ್ತಿದ. ಅಪ್ಪನನ್ನು ನೋಡಿದ, ಟೊಪ್ಪಿಗೆ ನೋಡಿದ, ಅಪ್ಪನ ಪಕ್ಕದಲ್ಲಿ ಮುದುಡಿ ಕೂತ ತಮ್ಮನ ಹೆಂಡತಿಯನ್ನು ನೋಡಿದ. ಅರ್ಧ ಕಿತ್ತಿದ್ದ ವೈರನ್ನು ಮತ್ತೆ ಒಳಗೆ ಒತ್ತಿದ. ಆಮೇಲೆ ಕೂರಲು ಜಾಗ ಹುಡುಕಿ, ಆ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಕೂತ.

‘ಚಾ ಹೇಳು ತಂಗಿ’ ಎಂದ.