ಉಪ್ಪಿಲ್ಲದ ನಾಲ್ಕು ದಿನ

ಅಂದು ಗುರುವಾರ. ನನ್ನ ಗಂಡ ಪೀಣ್ಯದ ಕಾರ್ಖಾನೆಯಿಂದ ಸಂಜೆ ಐದಕ್ಕೇ ಲಗ್ಗೆರೆಯ ನಮ್ಮ ವಠಾರಕ್ಕೆ ಬಂದು, ಹೆಲ್ತ್ ಕಾರ್ಡನ್ನು ನನ್ನ ಮುಖದ ಮುಂದೆ ಆಡಿಸಿದರು.

"ನೂರಿಪ್ಪತ್ತು, ಎಂಬತ್ತು! ಮದುಮಗನ ಬಿಪಿ ಕಣೇ ಇದು. ಈಗಲಾದ್ರೂ ಉಪ್ಪಿನಕಾಯಿ ಡಬ್ಬ ಕೊಡ್ತೀಯಾ?"

"ಮದುಮಗನ ತಲೆ ಒಂದ್ಸಲ ಕನ್ನಡಿಲಿ ನೋಡ್ಕೊಳ್ಳಿ," ಎಂದೆ. ಡಬ್ಬ ಕೊಟ್ಟೆ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಬಿಪಿ ನೋಡುವ ಕ್ಯಾಂಪ್ ನಡೆಯುತ್ತಿತ್ತು. ಹೆಚ್ಚು ಬಂದವರನ್ನು ಪ್ರೆಸ್ ಮೆಷಿನ್ನಿನಿಂದ ತೆಗೆದು ಪ್ಯಾಕಿಂಗಿಗೆ ಹಾಕುತ್ತಿದ್ದರು, ಓವರ್‌ಟೈಮ್ ತಪ್ಪುತ್ತಿತ್ತು. ಅದಕ್ಕೇ ವಠಾರದ ಏಳು ಮನೆಗಳಲ್ಲೂ ಕ್ಯಾಂಪಿಗೆ ನಾಲ್ಕು ದಿನ ಮೊದಲು ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಆದರೂ ಹೆಚ್ಚು ಬಂದರೆ, ಮೆಷಿನ್ನಿಗೆ ಆಳು ಕಡಿಮೆಯಾಗಬಾರದೆಂದು, ಸೂಪರ್‌ವೈಸರ್ ಅಂಥವರನ್ನು ಫ್ಯಾನಿನ ಕೆಳಗೆ ಕೂರಿಸಿ, ಮಜ್ಜಿಗೆ ಕುಡಿಸಿ, ಮತ್ತೆ ನೋಡಿಸುತ್ತಿದ್ದ. ಸರಿಯಾದ ಅಂಕಿ ಬಂದ ಮೇಲೆಯೇ ಕಾರ್ಡಿಗೆ ಏರುತ್ತಿತ್ತು.

ಆ ವರ್ಷ ಟಾರ್ಗೆಟ್ ಎರಡು ಸಲ ಹೆಚ್ಚಿಸಿದ್ದರು. ನನ್ನ ಗಂಡ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು. ಎಡಗಣ್ಣಿನ ರೆಪ್ಪೆ ಅದುರುತ್ತಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಎಲ್ಲವೂ ನನಗೆ ಕಾಣುತ್ತಿತ್ತು. ಕಂಡೂ ಉಪ್ಪು ತೆಗೆದೆ.

ಕಾರ್ಡು ತಂದ ಮಾರನೆಯ ಬೆಳಿಗ್ಗೆ ಮೆಷಿನ್ ಮುಂದೆಯೇ ಕುಸಿದರು. ಮೆದುಳಿನ ರಕ್ತನಾಳ ಒಡೆದಿದೆ, ಬಿಪಿ ಬಹಳ ದಿನದಿಂದ ಏರಿರಬೇಕು ಎಂದರು ಆಸ್ಪತ್ರೆಯ ಡಾಕ್ಟರು. ಸಂಜೆಗೆ ನನ್ನ ಗಂಡ ಹೋಗಿಬಿಟ್ಟರು.

ಕ್ಯಾಂಪಿನ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದ ಎದುರು ಮನೆಯಾತ ತಿಥಿಯ ದಿನ ಬಾಯಿಬಿಟ್ಟ: ಅವರನ್ನು ಫ್ಯಾನಿನ ಕೆಳಗೆ ಮೂರು ಸಲ ಕೂರಿಸಿದ್ದರಂತೆ.

ತಿಂಗಳಾದ ಮೇಲೆ ಕಾರ್ಖಾನೆಯ ಆಫೀಸಿನವರೊಬ್ಬರು ಕಾಗದ ತಂದರು. ನನ್ನ ಗಂಡನಿಗೆ ಕೆಲಸದ ಒತ್ತಡವೇನೂ ಇರಲಿಲ್ಲ ಎಂದು ನಾನು ಸಹಿ ಹಾಕಬೇಕಂತೆ.

"ಕಾರ್ಡಲ್ಲೇ ಇದ್ಯಲ್ಲಮ್ಮ, ಎಲ್ಲಾ ನಾರ್ಮಲ್ಲು."

"ಅದು ಎಷ್ಟನೇ ಸಲ ನೋಡಿದಾಗ ಬಂದಿದ್ದು ಸಾರ್?"

ಅವರು ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿದರು.

"ಮೊದಲನೇ ಸಲದ್ದು ಬರ್ಕೊಂಡ್ ಬನ್ನಿ. ಆಮೇಲೆ ಸೈನ್ ಮಾಡ್ತೀನಿ."

ಇನ್ನೂ ಮೂರು ಸಲ ಬಂದರು. ಪ್ರತಿ ಸಲವೂ ಕಾಫಿ ಕೊಟ್ಟೆ. ಸಹಿ ಕೊಡಲಿಲ್ಲ.

ಮುಂದಿನ ವರ್ಷ ಕ್ಯಾಂಪಿನ ದಿನ ಹತ್ತಿರ ಬಂದಾಗ ಉಳಿದ ಆರು ಮನೆಗಳ ಅಡುಗೆಮನೆಗೂ ಹೋದೆ. ಉಪ್ಪು ಹಾಕ್ರೇ ಎಂದೆ.

"ಓವರ್‌ಟೈಮ್ ಹೋದ್ರೆ ನೀವ್ ಕೊಡ್ತೀರಾ ಅಕ್ಕ?" ಎಂದಳು ಎದುರು ಮನೆಯವಳು.

"ಕೊಡಲ್ಲ. ಗಂಡ ಹೋದ್ರೂ ಯಾರೂ ತಂದ್ಕೊಡಲ್ಲ ಕಣೇ."

ಸಿಟ್ಟಿನಲ್ಲಿ ಅವಳು ಪಾತ್ರೆಗೆ ಒಂದು ಹಿಡಿ ಉಪ್ಪು ಸುರಿದಳು.

"ಅಯ್ಯೋ, ಅಷ್ಟೊಂದಲ್ಲ ಕಣೇ! ಯಾರ್ ತಿಂತಾರೆ ಅದನ್ನ?"

ಕ್ಯಾಂಪಿನಲ್ಲಿ ಅವಳ ಗಂಡ ಮಜ್ಜಿಗೆ ಮುಟ್ಟಲಿಲ್ಲ. ಮೊದಲು ಬಂದ ನೂರಾ ಅರವತ್ತನ್ನು ಶಾಯಿಯಲ್ಲಿ ಬರೆಯುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಅವನನ್ನು ಪ್ಯಾಕಿಂಗಿಗೆ ಹಾಕಿದರು. ಅವಳು ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಬಿಡಲಿ. ಅವನು ದಿನಾ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತೇನೆ.

ನನ್ನ ಗಂಡನ ಕಾರ್ಡು ನನ್ನ ಹತ್ತಿರವೇ ಇದೆ. ಮೊದಲ ಸಲ ಬಂದ ಅಂಕಿ ಅದರಲ್ಲಿ ಇಲ್ಲ.